ಬಾಲ್ಟಿಕ್ ತೀರದ ಚಡ್ಡಿ ಸಮರ

ರಾಜ್ಯಗಳು ಗಡಿಗಾಗಿ, ಗದ್ದುಗೆಗಾಗಿ ಕಾದಾಡಿದ ಕಥೆಗಳನ್ನು ವಾಚಕರು ಬೇಕಾದಷ್ಟು ಓದಿದ್ದಾರೆ. ಚಡ್ಡಿಗಾಗಿ ನಡೆದ ಕಾಳಗವೂ ಒಂದುಂಟು. ಜರ್ಮನರು ಅದಕ್ಕೆ ಇಟ್ಟ ಹೆಸರೇ ‘ಚಡ್ಡಿ ಸಮರ’. ನಡೆದದ್ದು 1990ರ ಬಳಿಕ, ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ. ನೆತ್ತರು ಹರಿಯಲಿಲ್ಲವೆಂಬುದೇನೋ ನಿಜ. ಆದರೆ ಹುಟ್ಟಿ ಬೆಳೆದ ಕಡಲತಡಿಯಲ್ಲಿ ತಾವೇ ಪರಕೀಯರಾದೆವೆಂಬ ನೋವು ಸೋತವರಿಗೆ ಉಳಿಯಿತು.

ಬರಿಮೈಯಲ್ಲಿ ಬಿಸಿಲು ಕಾಯುವ, ನೀರಿಗಿಳಿಯುವ ಪದ್ಧತಿ ಜರ್ಮನಿಯಲ್ಲಿ ಒಂದು ಚಳವಳಿಯಾಗಿ ತಲೆಯೆತ್ತಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಕಾರ್ಖಾನೆಯ ಹೊಗೆ, ಇಕ್ಕಟ್ಟಾದ ವಠಾರ, ಉಸಿರು ಕಟ್ಟಿಸುವ ಉಡುಪು—ಇವುಗಳಿಂದ ಬೇಸತ್ತವರು ಗಾಳಿ ಬೆಳಕುಗಳೇ ಮದ್ದೆಂದು ನಂಬಿದರು. ‘ಮುಕ್ತ ದೇಹ ಸಂಸ್ಕೃತಿ’ ಎಂಬ ಘನವಾದ ಹೆಸರೂ ಬಂತು. ಜನರ ಬಾಯಲ್ಲಿ ಅದು ಬರಿಯ ‘ಎಫ್.ಕೆ.ಕೆ.’ ಶೃಂಗಾರಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಅವರು ಅಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಬರ್ಲಿನ್ನಿನ ಅಡಾಲ್ಫ್ ಕೋಖ್ ಎಂಬ ಉಪಾಧ್ಯಾಯ 1920ರ ದಶಕದಲ್ಲಿ ಶ್ರಮಜೀವಿಗಳಿಗಾಗಿ ಇಂಥ ವ್ಯಾಯಾಮಶಾಲೆಗಳನ್ನೇ ತೆರೆದಿದ್ದ.

ಸರ್ಕಾರಗಳಿಗೆ ಇದು ನುಂಗಲಾರದ ತುತ್ತು. 1932ರಲ್ಲಿ ಪ್ರಷ್ಯದ ಆಡಳಿತ, ಈಜುಡುಗೆಯ ತೊಡೆಗಳ ನಡುವೆ ಒಂದು ತುಂಡುಬಟ್ಟೆಯನ್ನು ಹೊಲಿದಿರಲೇಬೇಕೆಂದು ಆಜ್ಞೆ ಹೊರಡಿಸಿತು. ದೇಶದಲ್ಲಿ ಲಕ್ಷಾಂತರ ಜನ ಕೆಲಸವಿಲ್ಲದೆ ಬೀದಿಯಲ್ಲಿದ್ದಾಗ ಅಧಿಕಾರಿಗಳಿಗೆ ದರ್ಜಿಯ ಚಿಂತೆ! ಜನ ನಕ್ಕರು. ಮರುವರ್ಷ ಗೋರಿಂಗನ ಕೈಗೆ ಅಧಿಕಾರ ಬಂತು; ನಗು ನಿಂತಿತು. 1933ರ ಮಾರ್ಚಿಯಲ್ಲಿ ಬೆತ್ತಲೆ ಪಂಥವನ್ನು ಹತ್ತಿಕ್ಕಲು ಅಪ್ಪಣೆಯಾಯಿತು. ಅದೇ ನಾಜಿ ಸರ್ಕಾರ 1942ರಲ್ಲಿ, ಅನ್ಯರ ಕಣ್ಣಿಗೆ ಬೀಳದಂತಿದ್ದರೆ ಆಗಬಹುದೆಂದು ಬಿಗಿ ಸಡಿಲಿಸಿದ್ದು ಬೇರೆ ಮಾತು.

ನಿಜವಾದ ಸ್ವಾರಸ್ಯವಿರುವುದು ಪೂರ್ವ ಜರ್ಮನಿಯ ಕಥೆಯಲ್ಲಿ. ಬಾಲ್ಟಿಕ್ ತೀರದ ಆಹ್ರೆನ್ಸ್‌ಹೋಪ್ ಮೊದಲು ಬೆಸ್ತರ ಊರು, ಆಮೇಲೆ ಚಿತ್ರಕಾರರ ನೆಲೆ. ಯುದ್ಧ ಮುಗಿದ ಮೇಲೆ ಬರ್ಲಿನ್ನಿನ ಲೇಖಕರೂ ಕಲಾವಿದರೂ ಬೇಸಗೆ ಕಳೆಯುವ ತಾಣವಾಯಿತು. ಇವರಲ್ಲಿ ಹಲವರು ಬರಿಮೈಯ ಭಕ್ತರು. 1954ರಲ್ಲಿ ಕಮ್ಯುನಿಸ್ಟ್ ಸರ್ಕಾರ ತೀರದಲ್ಲಿ ಬೆತ್ತಲೆ ಸ್ನಾನವನ್ನು ನಿಷೇಧಿಸಿತು. ಆ ಕಾಲದ ಸಂಸ್ಕೃತಿ ಸಚಿವ ಯೋಹಾನ್ನೆಸ್ ಬೆಖರ್. ಸ್ವತಃ ಕವಿ, ರಾಷ್ಟ್ರಗೀತೆ ಬರೆದಾತ. ಆತನ ಬಗ್ಗೆ ಒಂದು ದಂತಕಥೆಯಿದೆ. ಪತ್ರಿಕೆಯಿಂದ ಮುಖ ಮುಚ್ಚಿಕೊಂಡು ಬರಿಮೈಯಲ್ಲಿ ಮಲಗಿದ್ದ ಹೆಂಗಸೊಬ್ಬಳನ್ನು ಆತ ‘ನಾಚಿಕೆಯಿಲ್ಲವೆ, ಮುದಿ ಹಂದಿ?’ ಎಂದು ಗದರಿದನಂತೆ. ಪತ್ರಿಕೆ ಸರಿಸಿದರೆ ಪ್ರಸಿದ್ಧ ಕಾದಂಬರಿಕಾರ್ತಿ ಅನ್ನಾ ಸೇಗರ್ಸ್! ಮುಂದೆ ಸಮಾರಂಭವೊಂದರಲ್ಲಿ ಪ್ರಶಸ್ತಿ ಕೊಡುತ್ತ ಆತ ‘ಪ್ರಿಯ ಅನ್ನಾ’ ಎಂದಾಗ, ‘ನಿನಗೆ ನಾನು ಈಗಲೂ ಮುದಿ ಹಂದಿಯೇ’ ಎಂದು ಆಕೆ ಉತ್ತರಿಸಿದಳಂತೆ. ನಿಜವೋ ಕಟ್ಟುಕಥೆಯೋ, ಆ ಜನ ಇದನ್ನು ನೆನೆಸಿಕೊಂಡು ನಗುತ್ತಿದ್ದುದಂತೂ ಸುಳ್ಳಲ್ಲ.

ಸ್ನಾನಕ್ಕೆ ಬಂದವರು ಸುಮ್ಮನಿರಲಿಲ್ಲ. ಮನವಿ ಬರೆದರು, ವಾದಿಸಿದರು. 1956ರಲ್ಲಿ ಸರ್ಕಾರವೇ ಮಣಿದು, ಗುರುತು ಮಾಡಿದ ಜಾಗಗಳಲ್ಲಿ ಅನುಮತಿಯಿತ್ತಿತು. ಮುಂದೆ ಆ ಗುರುತು ಹಲಗೆಗಳನ್ನು ಕೇಳುವವರೇ ಇಲ್ಲವಾದರು. ಎಪ್ಪತ್ತರ ದಶಕದ ಹೊತ್ತಿಗೆ ಅಜ್ಜಿ ಮೊದಲುಗೊಂಡು ಇಡೀ ಸಂಸಾರ ಹೀಗೆ ಕಡಲಿಗೆ ಬರುವುದು ಮಾಮೂಲಾಯಿತು. ಉಟ್ಟವರೂ ಉಡದವರೂ ಅಕ್ಕಪಕ್ಕದಲ್ಲೇ ಇರುತ್ತಿದ್ದರು. ಯಾರೂ ಯಾರನ್ನೂ ದಿಟ್ಟಿಸುತ್ತಿರಲಿಲ್ಲ. ಅದೇ ದಂಡೆಯ ಮೇಲೆ ಕತ್ತಲಾದರೆ ಗಡಿ ಕಾವಲಿನವರ ಶೋಧದೀಪಗಳು ಹರಿದಾಡುತ್ತಿದ್ದವು—ಯಾರೂ ದೋಣಿಯೇರಿ ಪರಾರಿಯಾಗದಿರಲಿ ಎಂದು. ದೇಶ ಬಿಟ್ಟು ಹೋಗುವ ಸ್ವಾತಂತ್ರ್ಯವಿಲ್ಲದವರಿಗೆ ಬಟ್ಟೆ ಬಿಚ್ಚುವ ಸ್ವಾತಂತ್ರ್ಯವಾದರೂ ದಕ್ಕಿತ್ತು. ಅದು ಚಿಕ್ಕದೆಂದು ಹೊರಗಿನವರು ಹೇಳುವುದು ಸುಲಭ.

1990ರಲ್ಲಿ ಎರಡು ಜರ್ಮನಿಗಳು ಒಂದಾದವು. ಪಶ್ಚಿಮದ ಪ್ರವಾಸಿಗಳು ಬಂದರು, ಹಣ ಹೂಡುವವರೂ ಬಂದರು. ಪಶ್ಚಿಮದವರಿಗೆ ಇದು ಹೊಸತೇನಲ್ಲ. ಅವರ ಸ್ಯುಲ್ಟ್ ದ್ವೀಪದಲ್ಲಿ 1920ರಷ್ಟು ಹಿಂದೆಯೇ ಬೆತ್ತಲೆ ತೀರವಿತ್ತು. ಆದರೆ ಅದಕ್ಕೆ ಬೇರೆ ಜಾಗವಿರಬೇಕೆಂಬುದು ಅವರ ರೂಢಿ. ಹೋಟೆಲಿನ ಮುಂದೆಯೇ ಬರಿಮೈಯವರನ್ನು ಕಂಡು ದೂರಿತ್ತರು. ಬೆತ್ತಲೆ ತೀರಗಳನ್ನು ಊರಾಚೆಗೆ ತಳ್ಳಲಾಯಿತು. ಇದೇ ಆ ಸಮರ.

ನಿಷೇಧಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಮಾತ್ರ ನೋಟ. ನೂರು ಜನ ಬರಿಮೈಯಲ್ಲಿರುವ ಕಡೆ ಉಟ್ಟು ಬಂದವನೇ ಅಂಜುತ್ತಾನೆ. ತೊಂಬತ್ತು ಜನ ಉಟ್ಟು ಕುಳಿತರೆ ಉಳಿದ ಹತ್ತು ಮಂದಿ ಪ್ರದರ್ಶನದ ವಸ್ತುಗಳು. ಕಾನೂನು ಅನುಮತಿ ಕೊಟ್ಟರೂ ಕಣ್ಣು ಕೊಡುವುದಿಲ್ಲ. ಈಚೆಗಂತೂ ಪ್ರತಿಯೊಬ್ಬರ ಕೈಯಲ್ಲಿ ಕ್ಯಾಮರಾ ಇರುವ ಫೋನು. ಎಳೆಯರು ಬಿಚ್ಚಲು ಹಿಂಜರಿಯುತ್ತಾರೆ. ಮುದುಕರು ಮಾತ್ರ ಉಳಿದಿದ್ದಾರೆ.

ಆದ್ದರಿಂದ 2025ರಲ್ಲಿ ರೋಸ್ಟಾಕ್ ನಗರ ಹೊಸ ನಿಯಮ ಮಾಡಿತು. ಉಟ್ಟವರಿಗೊಂದು, ಬೆರಕೆಗೊಂದು, ಬರಿಮೈಯವರಿಗೊಂದು ಎಂದು ಕಡಲ ದಂಡೆಯನ್ನು ಪಾಲು ಮಾಡಿ, ಕೊನೆಯ ಪಾಲಿನಲ್ಲಿ ಬಟ್ಟೆ ತೊಟ್ಟು ಕುಳಿತವರನ್ನು ಎಬ್ಬಿಸಿ ಕಳಿಸುವ ಅಧಿಕಾರವನ್ನು ಕಾವಲಿನವರಿಗೆ ಕೊಟ್ಟಿತು. ತಂಟೆಯಾದಾಗ ಮಾತ್ರ ಅದನ್ನು ಬಳಸುವೆವೆಂಬುದು ಅಧಿಕಾರಿಗಳ ಸಮಜಾಯಿಷಿ. 1932ರಲ್ಲಿ ತುಂಡುಬಟ್ಟೆ ಹೊಲಿಸಿದ ಮಹಾಶಯರು ಇದ್ದಿದ್ದರೆ ಏನೆನ್ನುತ್ತಿದ್ದರೋ!