ಕಬ್ಬಿನ ಸಾಲಿನಲ್ಲಿ ಕಲಿತ ಗೇರು

1939ರ ಜುಲೈ 1ರಂದು ಮೈಸೂರು ಸಂಸ್ಥಾನದಲ್ಲಿ ಮಂಡ್ಯ ಜಿಲ್ಲೆ ಹುಟ್ಟಿತು. ಅದೇ ದಿನ ಬ್ರಿಟಿಷ್ ಇಂಡಿಯಾದಲ್ಲಿ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂತು. ಕಾಕತಾಳೀಯ ಅಷ್ಟೇ. ಗಾಡಿ ಓಡಿಸಲು ಯಾರು ಯೋಗ್ಯರು ಎಂದು ಹೇಳುವ ಅಧಿಕಾರ ಮುಂದೆ ಕಾಯ್ದೆಯ ಕೈಗೆ ಹೋಯಿತು ನಿಜ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹುಡುಗರಿಗೆ ಲಾರಿ ಕಲಿಸಿದ್ದು ಬಹುಪಾಲು ಕಬ್ಬು.

ಕನ್ನಂಬಾಡಿ ನೀರು ನಾಲೆಗೆ ಇಳಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ (ಮೈಷುಗರ್) ಮಂಡ್ಯದಲ್ಲಿ ಶುರುವಾದಾಗ ಕಬ್ಬು ಬರುತ್ತಿದ್ದುದು ಎತ್ತಿನ ಗಾಡಿಯಲ್ಲಿ. ಮೋಟಾರು ಓಡಿಸುವವರೇ ಅಪರೂಪ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯ ಹಳೇ ಲಾರಿಗಳು ಹರಾಜಿಗೆ ಬಂದವು. ಪಟಾಲಮ್ಮಿನಲ್ಲಿ ಡ್ರೈವರಾಗಿ ಊರಿಗೆ ಮರಳಿದವರು ಆ ಕಾಲಕ್ಕೆ ದೊಡ್ಡ ಮೇಷ್ಟ್ರುಗಳು. 1954ರಲ್ಲಿ ಟಾಟಾದವರ ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಕೈಜೋಡಿಸಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ಮರುವರ್ಷ ಮದ್ರಾಸಿನ ಅಶೋಕ್ ಮೋಟಾರ್ಸ್ ಹೆಸರು ಬದಲಿಸಿಕೊಂಡು ಅಶೋಕ್ ಲೇಲ್ಯಾಂಡ್ ಆಯಿತು. ಜರ್ಮನ್ ಒಪ್ಪಂದ 1969ಕ್ಕೇ ಮುಗಿದರೂ ಟಾಟಾ ಲಾರಿಯನ್ನು ‘ಬೆಂಜ್ ಗಾಡಿ’ ಎನ್ನುವ ರೂಢಿ ನಮ್ಮ ಕಡೆ ಬಹಳ ಕಾಲ ಹೋಗಲಿಲ್ಲ.

ಆ ಗಾಡಿಗಳನ್ನು ಕಲಿಯುವುದು ಸುಲಭವಾಗಿರಲಿಲ್ಲ. ಪವರ್ ಸ್ಟೇರಿಂಗ್ ಇಲ್ಲ. ನಿಂತ ಗಾಡಿಯ ಚಕ್ರ ತಿರುಗಿಸಬೇಕಾದರೆ ಸೀಟಿನಿಂದ ಅರ್ಧ ಎದ್ದು, ಇಡೀ ಮೈಭಾರ ಸ್ಟೇರಿಂಗಿನ ಮೇಲೆ ಹಾಕಬೇಕು. ಗೇರು ಇನ್ನೂ ಕಷ್ಟ. ಹಳೇ ಗೇರ್‌ಬಾಕ್ಸಿನಲ್ಲಿ ಹಲ್ಲುಗಳ ವೇಗವನ್ನು ತಾನಾಗಿ ಸರಿದೂಗಿಸುವ ಏರ್ಪಾಡು ಇರಲಿಲ್ಲ. ಗೇರು ಇಳಿಸಬೇಕಾದರೆ ಒಮ್ಮೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಎಕ್ಸಲರೇಟರ್ ಕೊಟ್ಟು ಇಂಜಿನ್ ಸದ್ದು ಏರಿಸಿ, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕಬೇಕು. ಇದೇ ‘ಡಬಲ್ ಕ್ಲಚ್’. ಲೆಕ್ಕ ತಪ್ಪಿದರೆ ಗೇರ್‌ಬಾಕ್ಸು ಕಿರಕಿರ ಎಂದು ಊರಿಗೆಲ್ಲ ಕೇಳುವ ಹಾಗೆ ಅರಚುತ್ತಿತ್ತು, ಪಕ್ಕದಲ್ಲಿದ್ದ ಗುರುವಿನ ಕೈ ತಲೆಗೆ ಬೀಳುತ್ತಿತ್ತು. ಮೀಟರು ಕೆಟ್ಟಿದ್ದರೂ ಇಂಜಿನ್ ಸದ್ದಿನಿಂದಲೇ ಯಾವ ಗೇರು ಬೇಕೆಂದು ತಿಳಿಯುವುದು ಹೀಗೆ ಕಿವಿಗೆ ಹತ್ತಿದ ವಿದ್ಯೆ.

ಗುರು ಎಂದರೆ ಡ್ರೈವರು, ಶಿಷ್ಯ ಎಂದರೆ ಕ್ಲೀನರು. ಸ್ಕೂಲು ಬಿಟ್ಟ ಹುಡುಗ ಮೊದಲು ಗಾಜು ಒರೆಸಬೇಕು, ರೇಡಿಯೇಟರಿಗೆ ನೀರು ಹೊಯ್ಯಬೇಕು, ಜಾಕಿ ಕೊಟ್ಟು ಸ್ಟೆಪ್ನಿ ಬದಲಿಸಬೇಕು, ಕೋಲಿನಿಂದ ಟೈರಿಗೆ ಬಡಿದು ಸದ್ದಿನಲ್ಲೇ ಹವಾ ಅಳೆಯಬೇಕು. ಲೋಡು ಬಿಗಿದ ಹಗ್ಗ ಎಲ್ಲಿ ಸಡಿಲವಾಗುತ್ತದೆ, ಟಾರ್ಪಾಲಿನ ಯಾವ ಮೂಲೆಗೆ ಗಾಳಿ ನುಗ್ಗುತ್ತದೆ ಎಂದು ನೋಡಿಕೊಳ್ಳುವವನೂ ಅವನೇ. ರಿವರ್ಸ್ ತೆಗೆಯುವಾಗ ಹಿಂದೆ ನಿಂತು ‘ಬರ್ಲಿ, ಬರ್ಲಿ, ಹೋಲ್ಡಾನ್’ ಎಂದು ಕೂಗುತ್ತ ಕೂಗುತ್ತಲೇ ಗಾಡಿಯ ಉದ್ದಗಲ ಅವನ ಕಣ್ಣಿಗೆ ಕೂತುಬಿಡುತ್ತಿತ್ತು. ಸಂಬಳ ಅಷ್ಟಕ್ಕಷ್ಟೆ, ಊಟ, ಟೀ ಡ್ರೈವರಿನದು. ಬೈಗುಳ ಧಾರಾಳ. ಈ ಪದ್ಧತಿಯನ್ನು ಹೊಗಳಿ ಹಾಡುವವರು ಅದರಲ್ಲಿದ್ದ ಜೀತದ ವಾಸನೆಯನ್ನು ಮರೆಯುತ್ತಾರೆ. ಹದಿನೆಂಟು ತುಂಬದ ಹುಡುಗರು ರಾತ್ರಿಯಿಡೀ ನಿದ್ದೆಗೆಟ್ಟು ದುಡಿಯುತ್ತಿದ್ದರು.

ಸ್ಟೇರಿಂಗು ಕೈಗೆ ಸಿಗುತ್ತಿದ್ದುದು ಹೆದ್ದಾರಿಯಲ್ಲಲ್ಲ, ಕಾರ್ಖಾನೆ ಗೇಟಿನ ಮುಂದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯದ ಮೈಷುಗರ್ ಇರಲಿ, ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯ ಚಾಮುಂಡೇಶ್ವರಿ ಇರಲಿ, ತೂಕಕ್ಕೆ ಕಾಯುವ ಲಾರಿ, ಟ್ರ್ಯಾಕ್ಟರು, ಎತ್ತಿನ ಗಾಡಿಗಳ ಸಾಲು ರಸ್ತೆಯುದ್ದಕ್ಕೂ ಬೆಳೆಯುತ್ತಿತ್ತು. ಮುಂದಿನ ಗಾಡಿ ಜರುಗಿದರೆ ನಾವೂ ಜರುಗಬೇಕು, ಇಲ್ಲದಿದ್ದರೆ ಮಧ್ಯೆ ಇನ್ನೊಬ್ಬ ನುಗ್ಗುತ್ತಾನೆ. ರಾತ್ರಿ ಡ್ರೈವರು ಕಬ್ಬಿನ ಸೋಗೆ ಹಾಸಿಕೊಂಡು ಮಲಗಿದಾಗ ಗಾಡಿ ಜರುಗಿಸುವ ಕೆಲಸ ಕ್ಲೀನರಿನ ಪಾಲಿಗೆ. ಫಸ್ಟ್ ಗೇರು, ಹತ್ತು ಅಡಿ, ಬ್ರೇಕು. ಮತ್ತೆ ಫಸ್ಟ್ ಗೇರು, ಹತ್ತು ಅಡಿ. ಪೂರ್ತಿ ಲೋಡಿದ್ದ ಗಾಡಿ, ಮುಂದೆ ಕಬ್ಬು ಹೇರಿದ ಗಾಡಿ, ಹಿಂದೆ ಇನ್ನೊಂದು ಲಾರಿಯ ಮೂತಿ. ಕ್ಲಚ್ಚನ್ನು ಅರ್ಧದಲ್ಲಿ ಹಿಡಿಯುವುದು, ಏರಿನಲ್ಲಿ ಹಿಂದಕ್ಕೆ ಜಾರದಂತೆ ಎತ್ತುವುದು ಇಲ್ಲೇ ಬರುತ್ತಿತ್ತು. ಖಾಲಿ ಮೈದಾನದಲ್ಲಿ ಎಂಟು ಬರೆಯಿಸುವ ಡ್ರೈವಿಂಗ್ ಸ್ಕೂಲಿನಲ್ಲಿ ಸಿಗದ ಪಾಠ ಇದು. ಆಮೇಲೆ ಖಾಲಿ ಲಾರಿ ವಾಪಸು ಬರುವಾಗ ಊರ ರಸ್ತೆ, ಆಮೇಲೆ ರಾತ್ರಿಯ ಮೈಸೂರು ರಸ್ತೆ. ಲೈಸೆನ್ಸು ಕೊನೆಗೆ. ಅದೂ ತಪ್ಪೇ, ಆದರೆ ಆಗ ನಡೆದದ್ದು ಹಾಗೆ.

ಲೈನಿಗೆ, ಅಂದರೆ ದೂರದೂರಿನ ಲೋಡಿಗೆ, ಹೋಗುವವನ ಕಲಿಕೆ ಬೇರೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಮುಂಬೈ, ದೆಹಲಿ, ಹೈದರಾಬಾದಿಗೆ ಹೋಗುವ ಸರಕು ದಾರಿಯಲ್ಲಿ ಕಾಯುವಂಥದ್ದಲ್ಲ. ನಿದ್ದೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದು ಅಲ್ಲಿ ಗೇರಿಗಿಂತ ದೊಡ್ಡ ವಿದ್ಯೆ. ಮಳವಳ್ಳಿಯವರಿಗೆ ಘಾಟಿಯ ಪಾಠ ಮನೆ ಮುಂದಿನ ರಸ್ತೆಯಲ್ಲೇ ಇತ್ತು. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ ದಾಟಿ ಕೊಯಮತ್ತೂರಿಗೆ ಹೋಗುವ ಹೆದ್ದಾರಿ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು ಇಳಿಯುತ್ತದೆ. ಹತ್ತಿದ ಗೇರಿನಲ್ಲೇ ಇಳಿ ಎನ್ನುವುದು ಗುರುಗಳ ಕಟ್ಟುನಿಟ್ಟು. ಬ್ರೇಕನ್ನೇ ನಂಬಿ ನ್ಯೂಟ್ರಲ್‌ನಲ್ಲಿ ಇಳಿದರೆ ಡ್ರಮ್ಮು ಕಾದು ಬ್ರೇಕು ಹಿಡಿಯುವುದಿಲ್ಲ. ಡೀಸೆಲ್ ಉಳಿಸುವ ಆಸೆಗೆ ಈ ಮಾತು ಮೀರಿದವರ ಕಥೆಯನ್ನು ಹಳಬರು ಇವತ್ತಿಗೂ ಹೇಳುತ್ತಾರೆ.

1988ರ ಹೊಸ ಕಾಯ್ದೆ 1989ರ ಜುಲೈ 1ಕ್ಕೆ ಜಾರಿಯಾದ ಮೇಲೆ ಕಾಗದ ಬಿಗಿಯಾಯಿತು. ಭಾರಿ ಸರಕು ಗಾಡಿಗೆ ಇಪ್ಪತ್ತು ವರ್ಷ ತುಂಬಿರಬೇಕು, ಅದಕ್ಕೂ ಮುಂಚೆ ಒಂದು ವರ್ಷ ಲಘು ವಾಹನದ ಲೈಸೆನ್ಸು ಇರಬೇಕು. 2007ರಲ್ಲಿ ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮ ಸೇರಿತು, 2019ರಲ್ಲಿ ಅದು ಹೋಯಿತು. ಹೋದದ್ದೇ ಒಳ್ಳೆಯದು ಎಂದು ನನ್ನ ಅನಿಸಿಕೆ. ಘಾಟಿ ಇಳಿಸುವ ಕೈಗೆ ಮಾರ್ಕ್ಸ್‌ಕಾರ್ಡು ಕೇಳುವುದರಲ್ಲಿ ಅರ್ಥವಿರಲಿಲ್ಲ. ಫಲಕ ಓದಲು ಬರಬೇಕೆಂಬ ಮಾತು ಬೇರೆ.

ಈಗಿನ ಹುಡುಗ ಬರುವುದು ಟ್ರ್ಯಾಕ್ಟರಿನಿಂದ. ಗದ್ದೆ ಉಳುತ್ತ ಶುರುಮಾಡಿ, ಕಬ್ಬಿನ ಟ್ರೈಲರನ್ನು ಆಲೆಮನೆ ಅಂಗಳಕ್ಕೆ ರಿವರ್ಸ್ ಹಾಕುವಷ್ಟರಲ್ಲಿ ಅವನಿಗೆ ಒಂದು ಗುಟ್ಟು ಹತ್ತಿರುತ್ತದೆ: ಟ್ರೈಲರು ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗು ಮೊದಲು ಬಲಕ್ಕೆ. ಬಂದರಿಗೆ ಹೋಗುವ ಉದ್ದನೆಯ ಟ್ರೈಲರ್ ಲಾರಿಗೂ ಇದೇ ವಿದ್ಯೆ. 2005ರಲ್ಲಿ ಬಂದ ಟಾಟಾ ಏಸ್ ಇನ್ನೊಂದು ಮೆಟ್ಟಿಲು. 7,500 ಕೆಜಿ ಒಳಗಿನ ಸರಕು ಗಾಡಿಗೆ ಲಘು ವಾಹನದ ಲೈಸೆನ್ಸೇ ಸಾಕು ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಮತ್ತೆ ಖಚಿತಪಡಿಸಿದ ಮೇಲೆ ಈ ದಾರಿ ಇನ್ನಷ್ಟು ಸಲೀಸಾಗಿದೆ.

ಗಾಡಿಯೂ ಬದಲಾಗಿದೆ. ಗೇರು ಬೆಣ್ಣೆಯ ಹಾಗೆ ಬೀಳುತ್ತದೆ, ಸ್ಟೇರಿಂಗು ಒಂದು ಕೈಗೆ ಬರುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಆದರೆ ಪಕ್ಕದ ಸೀಟಿನಲ್ಲಿ ಕ್ಲೀನರು ಕಡಿಮೆಯಾಗುತ್ತಿದ್ದಾನೆ. ಬಾಡಿಗೆ ಬಿಗಿಯಾದ ಮಾಲೀಕ ಎರಡನೇ ಆಳನ್ನು ಉಳಿಸಿಕೊಳ್ಳುತ್ತಿಲ್ಲ, ಹುಡುಗರೂ ಬೈಗುಳ ತಿನ್ನಲು ತಯಾರಿಲ್ಲ. ಅವರ ಮಾತು ನ್ಯಾಯವಾದದ್ದೇ. ಬಿಟ್ಟುಹೋದ ಜಾಗವನ್ನು ತುಂಬಬೇಕಾದದ್ದು ತರಬೇತಿ ಕೇಂದ್ರಗಳು. ತಮಿಳುನಾಡಿನ ನಾಮಕ್ಕಲ್‌ನಲ್ಲಿ ಅಶೋಕ್ ಲೇಲ್ಯಾಂಡ್ 1995ರಲ್ಲೇ ಒಂದು ಕೇಂದ್ರ ತೆರೆಯಿತು. ಕೇಂದ್ರ ಸರ್ಕಾರದ 2021ರ ನಿಯಮದ ಪ್ರಕಾರ ಮಾನ್ಯತೆ ಪಡೆದ ಕೇಂದ್ರದಲ್ಲಿ ಭಾರಿ ವಾಹನದ ಕೋರ್ಸು ಆರು ವಾರ, 38 ಗಂಟೆ. ಮುಗಿಸಿದವರಿಗೆ ಆರ್‌ಟಿಒ ಎದುರಿನ ಪರೀಕ್ಷೆ ಇಲ್ಲ. ಈ 38 ಗಂಟೆಯಲ್ಲಿ ಪಾಠ ಕೇಳುವ ಹೊತ್ತೂ ಸೇರಿದೆ. ಲೋಡು ಹೇರಿದ ಗಾಡಿಯನ್ನು ಸಾಲಿನಲ್ಲಿ ಜರುಗಿಸುವುದಕ್ಕೆ, ಹಗ್ಗ ಬಿಗಿಯುವುದಕ್ಕೆ, ದಿಂಬಂನಂಥ ಇಳಿಜಾರಿನಲ್ಲಿ ಒಂದು ರಾತ್ರಿಗೆ ಅದರಲ್ಲಿ ಎಷ್ಟು ಗಂಟೆ ಮೀಸಲಿಡುತ್ತಾರೆ ಎಂಬುದನ್ನು ನೋಡಿ ಕೋರ್ಸು ಆಯ್ದುಕೊಳ್ಳಿ ಎಂದು ಹೆವಿ ಲೈಸೆನ್ಸಿಗೆ ಹೊರಟ ಹುಡುಗರಿಗೆ ಹೇಳಬೇಕಿದೆ.