ಚೆಂಡಿನ ಹಿಂದೆ ಊರೂರು

1878ರಲ್ಲಿ ಫರ್ಗಸ್ ಸೂಟರ್ ಎಂಬ ಕಲ್ಲುಕುಟಿಗ ಗ್ಲಾಸ್ಗೋ ಬಿಟ್ಟು ಲಾಂಕಾಷೈರಿನ ಡಾರ್ವೆನ್‌ಗೆ ಬಂದ. ಹತ್ತಿ ಗಿರಣಿಗಳ ಸಣ್ಣ ಊರದು. ಅಲ್ಲಿ ಆತ ಉಳಿ ಸುತ್ತಿಗೆ ಹಿಡಿದದ್ದು ಕೆಲವೇ ಕಾಲ. ಇಂಗ್ಲೆಂಡಿನ ಕಲ್ಲು ತೀರಾ ಗಟ್ಟಿ, ಕೆತ್ತಿದರೆ ಕೈ ಊದಿಕೊಳ್ಳುತ್ತದೆ ಎಂದು ಹೇಳಿ ಕಸುಬನ್ನೇ ಬಿಟ್ಟುಬಿಟ್ಟ. ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಎಂದು ಡಾರ್ವೆನ್‌ನಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಸೂಟರ್ ಫುಟ್‌ಬಾಲ್ ಆಡುತ್ತಿದ್ದ. ಆಡಲು ಹಣ ಪಡೆಯುವುದು ಆಗ ನಿಷಿದ್ಧ. ಆದರೂ ಆತನ ಜೇಬಿಗೆ ಎಲ್ಲಿಂದಲೋ ಹಣ ಬರುತ್ತಿತ್ತು.

ಮರುವರ್ಷ ಡಾರ್ವೆನ್ ತಂಡ ಎಫ್‌ಎ ಕಪ್‌ನ ಕ್ವಾರ್ಟರ್ ಫೈನಲ್ ತಲುಪಿತು. ಎದುರಾಳಿ ಓಲ್ಡ್ ಈಟೋನಿಯನ್ಸ್, ಶ್ರೀಮಂತರ ಶಾಲೆಯಲ್ಲಿ ಓದಿದವರ ತಂಡ. 5–1ರಿಂದ ಹಿಂದಿದ್ದ ಗಿರಣಿ ಊರಿನವರು ಪಂದ್ಯವನ್ನು 5–5ಕ್ಕೆ ತಂದು ನಿಲ್ಲಿಸಿದರು. ಮತ್ತೆ ಲಂಡನ್ನಿಗೆ ಹೋಗಲು ರೈಲಿನ ಖರ್ಚಿಗೆ ಊರಲ್ಲಿ ಚಂದಾ ಎತ್ತಿದರು. ಮೂರನೆಯ ಪಂದ್ಯದಲ್ಲಿ ಡಾರ್ವೆನ್ ಸೋತಿತು. 1880ರಲ್ಲಿ ಸೂಟರ್ ಕೆಲವೇ ಮೈಲಿ ಆಚೆಯ ಬ್ಲ್ಯಾಕ್‌ಬರ್ನ್ ರೋವರ್ಸ್ ಸೇರಿಕೊಂಡಾಗ ಡಾರ್ವೆನ್‌ನವರಿಗೆ ಹೊಟ್ಟೆ ಉರಿದದ್ದು ಸಹಜ. ಹೆಚ್ಚು ಕೂಲಿ ಕೊಡುವ ಕಡೆಗೆ ನಡೆದ ಕಾರ್ಮಿಕ ಆತ, ಅಷ್ಟೆ. ಇಂಗ್ಲೆಂಡಿನ ಲೀಗ್‌ಗಳಲ್ಲಿ ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದು ಬದುಕು ಸಾಗಿಸಿದ ಸಾವಿರಾರು ಆಟಗಾರರ ಕಥೆ ಇಲ್ಲಿಂದ ಶುರುವಾಗುತ್ತದೆ. ಕಪ್ ಎತ್ತಿ ಹಿಡಿದವರ ಚಿತ್ರಗಳಲ್ಲಿ ಇವರು ಕಾಣುವುದು ಅಪರೂಪ. ವಾರ ವಾರವೂ ಲೀಗ್ ನಡೆದದ್ದು ಮಾತ್ರ ಇವರಿಂದ.

ಮುಚ್ಚುಮರೆಯ ಸಂಬಳ ಬಹುಕಾಲ ನಡೆಯಲಿಲ್ಲ. 1884ರ ಜನವರಿಯಲ್ಲಿ ಲಂಡನ್ನಿನ ಅಪ್ಟನ್ ಪಾರ್ಕ್ ತಂಡ ಪ್ರೆಸ್ಟನ್ ನಾರ್ತ್ ಎಂಡ್ ಮೇಲೆ ದೂರು ಕೊಟ್ಟಿತು. ಪ್ರೆಸ್ಟನ್ನಿನ ಮೇಜರ್ ವಿಲಿಯಂ ಸಡೆಲ್ ಆರೋಪವನ್ನು ಅಲ್ಲಗಳೆಯಲೇ ಇಲ್ಲ. ಸುತ್ತಲಿನ ಕ್ಲಬ್ಬುಗಳೆಲ್ಲ ಇದನ್ನೇ ಮಾಡುತ್ತಿವೆ ಎಂದ. ತಂಡ ಕಪ್‌ನಿಂದ ಹೊರಬಿತ್ತು, ಆದರೆ ವಾದ ಗೆದ್ದಿತು. 1885ರ ಜುಲೈ 20ರಂದು ಫುಟ್‌ಬಾಲ್ ಅಸೋಸಿಯೇಷನ್ ವೃತ್ತಿಪರ ಆಟಕ್ಕೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಗಳ ಬಳಿಕ 12 ಕ್ಲಬ್ಬುಗಳ ಫುಟ್‌ಬಾಲ್ ಲೀಗ್ ಹುಟ್ಟಿತು. ಆರು ಲಾಂಕಾಷೈರಿನವು, ಆರು ಮಿಡ್‌ಲ್ಯಾಂಡ್ಸ್‌ನವು. ಲಂಡನ್ನಿನದು ಒಂದೂ ಇರಲಿಲ್ಲ.

ಆ ಮೊದಲ ತಲೆಮಾರಿನಲ್ಲಿ ಮನಸ್ಸನ್ನು ಹೆಚ್ಚು ಕಾಡುವ ಹೆಸರು ಆರ್ಥರ್ ವಾರ್ಟನ್. 1865ರಲ್ಲಿ ಇಂದಿನ ಘಾನಾದ ಅಕ್ರಾದಲ್ಲಿ ಹುಟ್ಟಿದವನು. ತಂದೆ ಮೆಥಡಿಸ್ಟ್ ಪಾದ್ರಿ. ಮಗನೂ ಅದೇ ದಾರಿ ಹಿಡಿಯಲಿ ಎಂದು ಓದಲು ಇಂಗ್ಲೆಂಡಿಗೆ ಕಳಿಸಿದ್ದರು. ಡಾರ್ಲಿಂಗ್ಟನ್‌ನಲ್ಲಿ ಓದುತ್ತಿದ್ದ ಹುಡುಗನಿಗೆ ಓಟದ ಹುಚ್ಚು ಹಿಡಿಯಿತು. 1886ರಲ್ಲಿ ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ 100 ಗಜವನ್ನು 10 ಸೆಕೆಂಡಿನಲ್ಲಿ ಓಡಿ ಚಾಂಪಿಯನ್ ಆದ. ಅಷ್ಟು ವೇಗದ ಓಟಗಾರ ಫುಟ್‌ಬಾಲಿನಲ್ಲಿ ನಿಂತದ್ದು ಗೋಲಿನ ಮುಂದೆ! ಪ್ರೆಸ್ಟನ್ನಿಗೆ ಆಡಿದ. 1889ರಲ್ಲಿ ರಾದರ್‌ಹ್ಯಾಮ್ ಟೌನ್ ಸೇರಿ ಸಂಬಳದ ಆಟಗಾರನಾದ. 1894ರಲ್ಲಿ ಶೆಫೀಲ್ಡ್ ಯುನೈಟೆಡ್‌ಗೆ ಹೋದ. ಅಲ್ಲಿ ದೈತ್ಯದೇಹಿ ವಿಲಿಯಂ ಫೌಕ್ ಮೊದಲ ಗೋಲ್‌ಕೀಪರ್ ಆಗಿದ್ದರಿಂದ ವಾರ್ಟನ್‌ಗೆ ಹೆಚ್ಚು ಅವಕಾಶ ಸಿಗಲಿಲ್ಲ. ಮತ್ತೆ ರಾದರ್‌ಹ್ಯಾಮ್, ಅಲ್ಲಿಂದ ಸ್ಟೇಲಿಬ್ರಿಜ್ ರೋವರ್ಸ್, ಆಶ್ಟನ್ ನಾರ್ತ್ ಎಂಡ್, ಕೊನೆಗೆ 1902ರವರೆಗೆ ಸ್ಟಾಕ್‌ಪೋರ್ಟ್ ಕೌಂಟಿ.

ಆತನ ಆಟ ನೋಡಿದವರೊಬ್ಬರು ದಶಕಗಳ ನಂತರ ಶೆಫೀಲ್ಡಿನ ಪತ್ರಿಕೆಗೆ ಒಂದು ನೆನಪು ಬರೆದು ಕಳಿಸಿದ್ದರು. ಚೆಂಡು ಗೋಲಿನತ್ತ ನುಗ್ಗಿ ಬಂತು. ವಾರ್ಟನ್ ಎಗರಿ ಮೇಲಿನ ಅಡ್ಡಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಜೋತಾಡುತ್ತಾ ಚೆಂಡನ್ನು ಎರಡು ಕಾಲುಗಳ ನಡುವೆ ಅಪ್ಪಿಕೊಂಡುಬಿಟ್ಟ. ನುಗ್ಗಿ ಬಂದ ಮೂವರು ಮುಂಚೂಣಿ ಆಟಗಾರರು ತಡೆಯಲಾಗದೆ ಬಲೆಯೊಳಗೆ ಹೋಗಿ ಬಿದ್ದರು. ಅಷ್ಟು ವರ್ಷಗಳ ನಂತರವೂ ಒಬ್ಬ ಪ್ರೇಕ್ಷಕನ ಕಣ್ಣಿಗೆ ಕಟ್ಟಿದಂತೆ ಉಳಿದ ಆಟವದು.

ಆಟ ನಿಂತ ಮೇಲೆ ವಾರ್ಟನ್ ಯಾರ್ಕ್‌ಷೈರಿನ ಕಲ್ಲಿದ್ದಲು ಗಣಿಗೆ ಇಳಿದ. 1930ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಎಡ್ಲಿಂಗ್ಟನ್‌ನಲ್ಲಿ ಹೆಸರಿಲ್ಲದ ಗೋರಿಯಲ್ಲಿ ಹೂತರು. ಆತ ಜಗತ್ತಿನ ಮೊದಲ ಕಪ್ಪು ವೃತ್ತಿಪರ ಫುಟ್‌ಬಾಲಿಗ ಎಂದು ಇಂದು ಹಲವರು ಹೇಳುತ್ತಾರೆ. ಗೋರಿಗೆ ಕಲ್ಲು ಬಂದದ್ದು 1997ರಲ್ಲಿ.

ಸೂಟರ್ ತನ್ನಿಷ್ಟದಂತೆ ಊರು ಬದಲಿಸಿದ್ದ. ಮುಂದಿನವರಿಗೆ ಆ ಭಾಗ್ಯ ಇರಲಿಲ್ಲ. 1890ರ ದಶಕದಲ್ಲಿ ಲೀಗ್ ಒಂದು ಗಟ್ಟಿ ಬೀಗ ಹಾಕಿತು. ಪ್ರತಿ ಆಟಗಾರನ ನೋಂದಣಿ ಪತ್ರ ಕ್ಲಬ್ಬಿನ ಕೈಯಲ್ಲಿ. ಕರಾರು ಒಂದೇ ವರ್ಷದ್ದು. ಸೀಸನ್ ಮುಗಿದಾಗ ಕ್ಲಬ್ ಎರಡು ಪಟ್ಟಿ ಮಾಡುತ್ತಿತ್ತು, ಉಳಿಸಿಕೊಳ್ಳುವವರದ್ದು ಮತ್ತು ಮಾರುವವರದ್ದು. ಉಳಿಸಿಕೊಳ್ಳುವ ಪಟ್ಟಿಯಲ್ಲಿ ಹೆಸರಿದ್ದರೆ, ಕೊಟ್ಟಷ್ಟು ಸಂಬಳಕ್ಕೆ ಸಹಿ ಹಾಕಬೇಕು. ಹಾಕದಿದ್ದರೆ ಸಂಬಳವೂ ಇಲ್ಲ, ಲೀಗಿನ ಬೇರೆ ಕ್ಲಬ್ಬಿಗೆ ಆಡುವಂತೆಯೂ ಇಲ್ಲ. ಮಾರುವ ಪಟ್ಟಿಯಲ್ಲಿದ್ದವನ ಪಾಡು ಇನ್ನೂ ಕಷ್ಟ: ಕ್ಲಬ್ ಹೇಳಿದ ಬೆಲೆ ಕೊಡುವವರು ಸಿಗುವ ತನಕ ಕಾಯಬೇಕು. ಜೊತೆಗೆ 1901ರಿಂದ ಯಾರಿಗೂ ವಾರಕ್ಕೆ 4 ಪೌಂಡ್‌ಗಿಂತ ಹೆಚ್ಚು ಕೊಡಬಾರದೆಂಬ ಮಿತಿ ಬಂತು. 1905ರಲ್ಲಿ ಆಲ್ಫ್ ಕಾಮನ್ ಎಂಬ ಆಟಗಾರನಿಗಾಗಿ ಮಿಡಲ್ಸ್‌ಬ್ರೋ ಕ್ಲಬ್ ಸಂಡರ್‌ಲ್ಯಾಂಡ್‌ಗೆ 1,000 ಪೌಂಡ್ ಕೊಟ್ಟಿತು. ಕಾಮನ್‌ನ ಸಂಬಳಕ್ಕೆ ಆ 4 ಪೌಂಡ್ ಮಿತಿಯೇ.

ಈ ಬೀಗ ಹೇಗೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಹರ್ಬರ್ಟ್ ಕಿಂಗಬಿಯ ಪ್ರಕರಣಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. 1906ರಲ್ಲಿ ಆಸ್ಟನ್ ವಿಲ್ಲಾ ಕ್ಲಬ್ ಕ್ಲ್ಯಾಪ್ಟನ್ ಓರಿಯೆಂಟ್‌ನಿಂದ ಈ ವೇಗದ ವಿಂಗರ್‌ನನ್ನು 300 ಪೌಂಡಿಗೆ ಕೊಂಡಿತು. ಕೆಲವೇ ಪಂದ್ಯಗಳ ನಂತರ ಬೇಡವೆನಿಸಿ ಮಾರಲು ಹೊರಟರೆ, ಕೇಳಿದ ಬೆಲೆ ಕೊಡುವವರಿಲ್ಲ. ಆಗ ಸದರ್ನ್ ಲೀಗ್ ಬೇರೆಯೇ ಸಂಸ್ಥೆ, ಅಲ್ಲಿ ಈ ಬೀಗ ನಡೆಯುತ್ತಿರಲಿಲ್ಲ. ಕಿಂಗಬಿ ಅಲ್ಲಿಗೆ ಹೋಗಿ ಫುಲ್ಹ್ಯಾಮ್‌ಗೆ, ಮುಂದೆ ಲೇಟನ್‌ಗೆ ಆಡಿದ. 1910ರಲ್ಲಿ ಎರಡೂ ಲೀಗ್‌ಗಳು ಪರಸ್ಪರರ ನೋಂದಣಿಯನ್ನು ಮಾನ್ಯ ಮಾಡಲು ಒಪ್ಪಿದ್ದೇ ತಡ, ವರ್ಷಗಳ ಹಿಂದೆ ಬೇಡವೆಂದಿದ್ದ ವಿಲ್ಲಾ ಕ್ಲಬ್ಬಿನ ಹಳೆಯ ಹಕ್ಕು ಜೀವ ಪಡೆಯಿತು. ಕಿಂಗಬಿಯ ಅನ್ನದ ದಾರಿ ಮುಚ್ಚಿತು. 1907ರಲ್ಲಿ ಮ್ಯಾಂಚೆಸ್ಟರಿನ ಇಂಪೀರಿಯಲ್ ಹೋಟೆಲಿನಲ್ಲಿ ಬಿಲ್ಲಿ ಮೆರೆಡಿತ್ ಮೊದಲಾದವರು ಕಟ್ಟಿದ್ದ ಆಟಗಾರರ ಸಂಘ ಆತನ ಪರ ಕೋರ್ಟಿಗೆ ಹೋಯಿತು. ವಕೀಲರು ಇಡೀ ವ್ಯವಸ್ಥೆಯ ನ್ಯಾಯವನ್ನು ಪ್ರಶ್ನಿಸುವ ಬದಲು ಕ್ಲಬ್ಬಿನ ದುರುದ್ದೇಶವನ್ನು ಸಾಬೀತುಪಡಿಸಲು ಹೊರಟರು. 1912ರಲ್ಲಿ ಕೇಸು ಬಿದ್ದುಹೋಯಿತು, ಸಂಘದ ಬೊಕ್ಕಸ ಬರಿದಾಯಿತು. ಆ ಒಂದು ತಪ್ಪಿನ ಬೆಲೆಯನ್ನು ಮುಂದಿನ ಐವತ್ತು ವರ್ಷ ಎಲ್ಲ ಆಟಗಾರರೂ ತೆತ್ತರು.

ಊರು ಬಿಡದೆ ಒಂದೇ ಕ್ಲಬ್ಬಿಗೆ ನಿಂತವರೂ ಇದೇ ಬೀಗದೊಳಗಿದ್ದರು. ಪ್ರೆಸ್ಟನ್ನಿನ ಟಾಮ್ ಫಿನ್ನಿ ಇಂಗ್ಲೆಂಡಿನ ಶ್ರೇಷ್ಠ ವಿಂಗರ್‌ಗಳಲ್ಲಿ ಒಬ್ಬರು. ಕೊಳಾಯಿ ರಿಪೇರಿಯ ಕೆಲಸವನ್ನೂ ಮಾಡುತ್ತಿದ್ದರು. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ ಸಹಿ ಹಾಕಿದರೆ 10,000 ಪೌಂಡ್ ಕೊಡುತ್ತೇನೆಂದು ಮುಂದೆ ಬಂತು. ಪ್ರೆಸ್ಟನ್ ಬಿಡಲಿಲ್ಲ.

ಬೀಗ ಒಡೆದವರು ಜಾರ್ಜ್ ಈಸ್ಟ್‌ಹ್ಯಾಮ್. ನ್ಯೂಕಾಸಲ್ ಬಿಡಬೇಕೆಂದಾಗ ಕ್ಲಬ್ ಒಪ್ಪಲಿಲ್ಲ. 1960ರಲ್ಲಿ ಕರಾರು ಮುಗಿದ ಮೇಲೆ ಹೊಸದಕ್ಕೆ ಸಹಿ ಹಾಕದೆ, ದೂರದ ಗಿಲ್ಡ್‌ಫರ್ಡ್‌ಗೆ ಹೋಗಿ ಕುಟುಂಬದ ಸ್ನೇಹಿತರೊಬ್ಬರ ವ್ಯಾಪಾರದಲ್ಲಿ ಕಾರ್ಕ್ ಮಾರಲು ನಿಂತರು. ತಿಂಗಳುಗಟ್ಟಲೆ ಆಡಲಿಲ್ಲ. ಕೊನೆಗೆ ನ್ಯೂಕಾಸಲ್ ಸೋತು 47,500 ಪೌಂಡಿಗೆ ಅವರನ್ನು ಆರ್ಸೆನಲ್‌ಗೆ ಮಾರಿತು. ಬಯಸಿದ್ದು ಸಿಕ್ಕಿತ್ತು, ಸುಮ್ಮನಿರಬಹುದಿತ್ತು. ಈಸ್ಟ್‌ಹ್ಯಾಮ್ ಸುಮ್ಮನಿರಲಿಲ್ಲ. ಅಷ್ಟರಲ್ಲಿ ಜಿಮ್ಮಿ ಹಿಲ್ ಮುಂದಾಳತ್ವದ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿ 1961ರ ಜನವರಿಯಲ್ಲಿ ಸಂಬಳದ ಮಿತಿಯನ್ನು ರದ್ದು ಮಾಡಿಸಿತ್ತು. ಮಿತಿ ಆಗ ವಾರಕ್ಕೆ 20 ಪೌಂಡ್. ಫುಲ್ಹ್ಯಾಮ್‌ನ ಜಾನಿ ಹೇನ್ಸ್ 100 ಪೌಂಡಿನ ಆಟಗಾರರಾದರು. ಅದೇ ಸಂಘದ ಬೆಂಬಲದಿಂದ ಈಸ್ಟ್‌ಹ್ಯಾಮ್ ಕೇಸು ನಡೆಸಿದರು. 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್, ಆಟಗಾರನನ್ನು ಹೀಗೆ ಹಿಡಿದಿಡುವುದು ಆತನ ದುಡಿಮೆಯ ಹಕ್ಕಿಗೆ ಅನ್ಯಾಯದ ಅಡ್ಡಿ ಎಂದು ತೀರ್ಪಿತ್ತರು. ಕಿಂಗಬಿಯ ಪರ ಹೂಡಬೇಕಿದ್ದ ವಾದ ಇದೇ. ಆನಂತರ 1978ರಲ್ಲಿ ಕರಾರು ಮುಗಿದವರಿಗೆ ಬೇರೆ ಕ್ಲಬ್ಬಿಗೆ ಹೋಗುವ ಹಕ್ಕು, 1995ರಲ್ಲಿ ಯುರೋಪಿನ ನ್ಯಾಯಾಲಯ ಕೊಟ್ಟ ಬಾಸ್ಮನ್ ತೀರ್ಪಿನ ತರುವಾಯ ಶುಲ್ಕವಿಲ್ಲದೆಯೇ ಹೋಗುವ ಹಕ್ಕು ಒಂದೊಂದಾಗಿ ಬಂದವು.

ಸ್ವಾತಂತ್ರ್ಯ ಎಲ್ಲರಿಗೂ ಒಂದೇ ರೀತಿ ಒದಗಲಿಲ್ಲ. ಬೇಡಿಕೆಯಿದ್ದವನು ಬೆಲೆ ಏರಿಸಿಕೊಂಡ. ಮಧ್ಯಮ ಆಟಗಾರನನ್ನು ಕ್ಲಬ್ ಸಲೀಸಾಗಿ ಕೈಬಿಡತೊಡಗಿತು. ಡಬ್ಲಿನ್‌ನ ಈಮನ್ ಡನ್‌ಫಿ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಕಲಿತರೂ ಅಲ್ಲಿನ ಮೊದಲ ತಂಡಕ್ಕೆ ಆಡಲಿಲ್ಲ. ಯಾರ್ಕ್ ಸಿಟಿ, ಮಿಲ್‌ವಾಲ್, ಚಾರ್ಲ್ಟನ್, ರೆಡಿಂಗ್ ಎಂದು ಕೆಳಗಿನ ಡಿವಿಷನ್‌ಗಳಲ್ಲಿ ದುಡಿದರು. ಮಿಲ್‌ವಾಲ್‌ನಲ್ಲಿ 1973ರ ಸೀಸನ್ ಶುರುವಾದಾಗ ದಿನಚರಿ ಬರೆಯತೊಡಗಿದರು. ತಂಡದಿಂದ ಹೊರಬಿದ್ದ ಆಟಗಾರನಿಗೆ ತನ್ನವರೇ ಗೆದ್ದಾಗ ಮನಸ್ಸಿನಲ್ಲಿ ಆಗುವ ಕಸಿವಿಸಿಯನ್ನು ಅಷ್ಟು ಪ್ರಾಮಾಣಿಕವಾಗಿ ಅದಕ್ಕೆ ಮೊದಲು ಆಟಗಾರರು ಬರೆದದ್ದು ವಿರಳ. 1976ರಲ್ಲಿ ‘ಓನ್ಲಿ ಎ ಗೇಮ್?’ ಎಂಬ ಹೆಸರಿನಲ್ಲಿ ಬಂದ ಆ ಪುಸ್ತಕ ಈ ಕಸುಬಿನ ಒಳಗನ್ನು ತಿಳಿಯಲು ಇಂದಿಗೂ ಮೊದಲು ಓದಬೇಕಾದದ್ದು.

ಅಲೆದಾಟವನ್ನೇ ಬದುಕಾಗಿಸಿಕೊಂಡವರಲ್ಲಿ ಸ್ಟೀವ್ ಕ್ಲಾರಿಜ್ ದೊಡ್ಡ ಹೆಸರು. ಬೋರ್ನ್‌ಮತ್, ವೇಮತ್, ಆಲ್ಡರ್‌ಶಾಟ್, ಕೇಂಬ್ರಿಜ್, ಲೂಟನ್, ಬರ್ಮಿಂಗ್‌ಹ್ಯಾಮ್, ಲೆಸ್ಟರ್, ಪೋರ್ಟ್ಸ್‌ಮತ್, ಮಿಲ್‌ವಾಲ್… ಪಟ್ಟಿ ಇನ್ನೂ ಇದೆ. 1996ರ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ಪ್ಲೇ-ಆಫ್ ಫೈನಲ್, ಲೆಸ್ಟರ್ ಎದುರು ಕ್ರಿಸ್ಟಲ್ ಪ್ಯಾಲೆಸ್. 1–1 ಸಮ, ಹೆಚ್ಚುವರಿ ಅವಧಿಯ ಕಟ್ಟಕಡೆಯ ಕ್ಷಣ. ದೂರದಿಂದ ಕ್ಲಾರಿಜ್ ಹೊಡೆದ ಚೆಂಡು ಬೂಟಿಗೆ ಸರಿಯಾಗಿ ತಾಗದೆ ಮೊಣಕಾಲ ಕೆಳಗಿನ ಎಲುಬಿಗೆ ತಾಗಿ ಚಿಮ್ಮಿತು. ಗೋಲ್‌ಕೀಪರ್ ನೈಜೆಲ್ ಮಾರ್ಟಿನ್ ನಿಂತಲ್ಲೇ ನಿಂತಿದ್ದರು. ಚೆಂಡು ಬಲೆ ಸೇರಿತು, ಲೆಸ್ಟರ್ ಪ್ರೀಮಿಯರ್ ಲೀಗ್ ಸೇರಿತು. ಮರುವರ್ಷ ಲೀಗ್ ಕಪ್ ಗೆಲ್ಲಿಸಿದ ಗೋಲೂ ಅವರದ್ದೇ. 2006ರ ಡಿಸೆಂಬರಿನಲ್ಲಿ, 40 ವರ್ಷ ವಯಸ್ಸಿನಲ್ಲಿ, ಸಾವಿರದ ಪಂದ್ಯವನ್ನು ಪೂರೈಸಲೆಂದು ಹಳೆಯ ಬೋರ್ನ್‌ಮತ್ ಅಂಗಿ ತೊಟ್ಟು ಇಳಿದರು. ಪೋರ್ಟ್ ವೇಲ್ ವಿರುದ್ಧ ತಂಡ 4–0ಯಿಂದ ಸೋತಿತು. ಇಂಥದೇ ಅಲೆಮಾರಿ ಗೋಲ್‌ಕೀಪರ್ ಜಾನ್ ಬರಿಜ್ 1995ರಲ್ಲಿ ಮ್ಯಾಂಚೆಸ್ಟರ್ ಸಿಟಿ ಪರ ಆಡಿದಾಗ ಅವರಿಗೆ 43 ವರ್ಷ. ಪ್ರೀಮಿಯರ್ ಲೀಗಿನ ಅತಿ ಹಿರಿಯ ಆಟಗಾರ ಇಂದಿಗೂ ಅವರೇ. ಟೋನಿ ಫೋರ್ಡ್ 1975ರಲ್ಲಿ ಗ್ರಿಮ್ಸ್‌ಬಿಯಲ್ಲಿ ಶುರು ಮಾಡಿ 2001ರಲ್ಲಿ ರಾಚ್‌ಡೇಲ್‌ನಲ್ಲಿ ನಿಲ್ಲಿಸುವಾಗ 931 ಲೀಗ್ ಪಂದ್ಯ ಆಡಿದ್ದರು. ಗೋಲ್‌ಕೀಪರ್‌ಗಳನ್ನು ಬಿಟ್ಟರೆ ಇಂಗ್ಲಿಷ್ ಲೀಗಿನಲ್ಲಿ ಅಷ್ಟು ಆಡಿದವರು ಬೇರೊಬ್ಬರಿಲ್ಲ. ಇಂಥವರಿಗೆ ದೇಶದ ತಂಡದ ಕರೆ ಬರಲಿಲ್ಲ ಎಂಬುದನ್ನು ಕೊರತೆಯಾಗಿ ಎಣಿಸುವುದು ತಪ್ಪು.

ಕ್ಲಬ್ಬೇ ಕುಸಿದರೆ ಮೊದಲು ಬೀದಿಗೆ ಬೀಳುವವರೂ ಇವರೇ. 2002ರಲ್ಲಿ ಲೀಗಿನ ಪಂದ್ಯಗಳ ಪ್ರಸಾರ ಹಕ್ಕು ಕೊಂಡಿದ್ದ ಟಿವಿ ಕಂಪನಿ ಐಟಿವಿ ಡಿಜಿಟಲ್ ದಿವಾಳಿಯಾದಾಗ ಲೀಗಿಗೆ ಬರಬೇಕಿದ್ದ 178.5 ದಶಲಕ್ಷ ಪೌಂಡ್ ಬರಲಿಲ್ಲ. ಆ ಬೇಸಿಗೆಯಲ್ಲಿ ನೂರಾರು ಆಟಗಾರರಿಗೆ ಕರಾರು ಸಿಗಲಿಲ್ಲ. ಆಡಳಿತಾಧಿಕಾರಿಗಳ ಕೈಗೆ ಹೋದ ಕ್ಲಬ್ಬುಗಳಲ್ಲಿ ಬರಿ ಕೂಡ ಒಂದು. ನಮ್ಮ ಬೈಚುಂಗ್ ಭುಟಿಯಾ 1999ರಲ್ಲಿ ಸೇರಿದ್ದು ಇದೇ ಬರಿ ಕ್ಲಬ್ಬನ್ನು. ಕಾರ್ಡಿಫ್ ಸಿಟಿ ವಿರುದ್ಧ ಮೊದಲ ಪಂದ್ಯ ಆಡಿ, ಮಂಡಿ ನೋವಿನಿಂದ ನರಳಿ, 2002ರಲ್ಲಿ ಹಿಂದಿರುಗಿದರು. 2019ರ ಆಗಸ್ಟ್‌ನಲ್ಲಿ ಲೀಗ್ ಬರಿಯನ್ನು ಹೊರಹಾಕಿತು.

ಈ ಕಥೆಯ ಒಂದು ಎಳೆ ಬೆಂಗಳೂರಿಗೂ ಬಂದಿದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯ ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಿಂದ ಹೊರಟು ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್, ಪೋರ್ಟ್ ವೇಲ್, ರೆಕ್ಸಮ್ ಎಂದು ಸುತ್ತಿದ ಡಿಫೆಂಡರ್. ಅವರ ರಕ್ಷಣಾ ಸಾಲಿನಲ್ಲಿದ್ದ ಜಾನ್ ಜಾನ್ಸನ್ ನಾರ್ಥಾಂಪ್ಟನ್ ಟೌನ್‌ನಿಂದ ಬಂದವರು. ನೈರೋಬಿಯಲ್ಲಿ ಹುಟ್ಟಿದ ಕರ್ಟಿಸ್ ಒಸಾನೊ ಲೂಟನ್, ಎಎಫ್‌ಸಿ ವಿಂಬಲ್ಡನ್ ಕಂಡವರು. ಅಶೋಕನಗರದ ಹಳೆಯ ಮೈದಾನದಲ್ಲಿ ಆಡಿದ ಮೊದಲ ಸೀಸನ್‌ನಲ್ಲೇ ತಂಡ ಐ-ಲೀಗ್ ಗೆದ್ದಿತು. 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊವನ್ನು 4–2ರಿಂದ ಸೋಲಿಸಿ ಕಿರೀಟ ಖಚಿತಪಡಿಸಿಕೊಂಡಿತು. ಆಮೇಲೆ ಫೆಡರೇಷನ್ ಕಪ್, 2016ರಲ್ಲಿ ಮತ್ತೊಂದು ಐ-ಲೀಗ್. ಸುನಿಲ್ ಛೆಟ್ರಿಯ ಗೋಲುಗಳು ಎಲ್ಲರ ನೆನಪಿನಲ್ಲಿವೆ, ಇರಬೇಕು ಕೂಡ. ಬೆಂಗಳೂರಿನ ಫುಟ್‌ಬಾಲ್ ಚರಿತ್ರೆ ಬರೆಯುವವರು ಅದೇ ಪುಟದಲ್ಲಿ ಕ್ರೂ, ನಾರ್ಥಾಂಪ್ಟನ್, ಲೂಟನ್‌ಗಳ ಹೆಸರನ್ನೂ ಬರೆಯಲಿ.