ಅರೆಬರೆ ಬ್ಯಾಡ್ಜ್‌ಗಳ ಇಪ್ಪತ್ತು ವರ್ಷ

ಸಮ್ಮೇಳನಕ್ಕೆ ಹೋದವರ ಕೊರಳಲ್ಲಿ ತೂಗುವ ಬ್ಯಾಡ್ಜ್‌ಗೆ ಸಾಮಾನ್ಯವಾಗಿ ಒಂದೇ ಕೆಲಸ: ಇವರು ಶುಲ್ಕ ಕಟ್ಟಿ ಬಂದವರು ಎಂದು ಬಾಗಿಲು ಕಾಯುವವರಿಗೆ ತಿಳಿಸುವುದು. ಸಮ್ಮೇಳನ ಮುಗಿದ ಮೇಲೆ ಅದು ಕಸದ ಬುಟ್ಟಿಗೋ ಮೇಜಿನ ಖಾನೆಗೋ ಸೇರುತ್ತದೆ. ಹ್ಯಾಕರ್‌ಗಳ ಸಮ್ಮೇಳನಗಳಲ್ಲಿ ಮಾತ್ರ, ಸುಮಾರು ಇಪ್ಪತ್ತು ವರ್ಷಗಳಿಂದ, ಈ ಚಿಲ್ಲರೆ ವಸ್ತುವೇ ಜನ ಕಾದು ಕೂರುವ ಸಂಗತಿಯಾಗಿದೆ. ಅದರಲ್ಲಿ ಚಿಪ್ ಇರುತ್ತದೆ, ದೀಪಗಳಿರುತ್ತವೆ, ಕೆಲವೊಮ್ಮೆ ರೇಡಿಯೊ ಇರುತ್ತದೆ. ಅದರ ಪ್ರೋಗ್ರಾಂ ಅಳಿಸಿ ತಮ್ಮದನ್ನು ತುಂಬುವ, ಹೊಸ ಬಿಡಿಭಾಗ ಬೆಸೆದು ಬೇರೆಯದೇ ಉಪಕರಣ ಮಾಡಿಕೊಳ್ಳುವ ಹವ್ಯಾಸಿಗಳ ದೊಡ್ಡ ಬಳಗವೇ ಬೆಳೆದಿದೆ. ಇದಕ್ಕೆ ಎಲ್ಲರೂ ಕೊಡುವ ಕಾರಣ, ಚಿಪ್‌ಗಳು ಅಗ್ಗವಾದವು ಎಂಬುದು. ಅದು ಸುಳ್ಳಲ್ಲ, ಆದರೆ ಅಷ್ಟರಿಂದಲೇ ವಿವರಣೆ ಮುಗಿಯುವುದಿಲ್ಲ. ಬ್ಯಾಡ್ಜ್‌ಗಳ ಚರಿತ್ರೆಯನ್ನು ಮೊದಲಿಂದ ನೋಡುತ್ತ ಬಂದರೆ ಹೆಚ್ಚು ತೂಕದ ಇನ್ನೊಂದು ಕಾರಣ ಕಾಣುತ್ತದೆ. ಮಾಡಿದವರು ಅದನ್ನು ಬೇಕೆಂದೇ ಪೂರ್ತಿ ಮಾಡದೆ ಬಿಟ್ಟರು; ಹಾಗೆ ಬಿಟ್ಟ ಒಂದೇ ವಸ್ತುವನ್ನು ಒಂದೇ ದಿನ ಸಾವಿರಾರು ಜನರ ಕೈಗೆ ಕೊಟ್ಟರು. ಈ ಎರಡೂ ಕೂಡಿದ ಕಡೆ ಹವ್ಯಾಸ ಬೆಳೆದಿದೆ, ಒಂದು ತಪ್ಪಿದ ಕಡೆ ಸೊರಗಿದೆ ಎಂಬುದು ಈ ಲೇಖನದ ವಾದ.

ಅಮೆರಿಕದ ಲಾಸ್ ವೇಗಸ್‌ನಲ್ಲಿ 1993ರಲ್ಲಿ ಶುರುವಾದ ಡೆಫ್‌ಕಾನ್ ಸಮ್ಮೇಳನದಲ್ಲಿ ಬಹುಕಾಲ ಶುಲ್ಕವನ್ನು ಬಾಗಿಲಲ್ಲೇ ನಗದಾಗಿ ಪಡೆಯುತ್ತಿದ್ದರು, ಹೆಸರು ಕೇಳುತ್ತಿರಲಿಲ್ಲ. ಹೆಸರಿಲ್ಲದ ಮೇಲೆ ಬ್ಯಾಡ್ಜೇ ಗುರುತು. ಅದನ್ನು ನಕಲು ಮಾಡಿ ಒಳಗೆ ನುಗ್ಗುವ ಚಪಲ ಆ ಮಂದಿಗೆ ಸಹಜವೇ. 2006ರಲ್ಲಿ, ಹದಿನಾಲ್ಕನೆಯ ಡೆಫ್‌ಕಾನ್‌ಗೆ, ಜೋ ಗ್ರಾಂಡ್ ಅಲ್ಲಿನ ಮೊದಲ ಎಲೆಕ್ಟ್ರಾನಿಕ್ ಬ್ಯಾಡ್ಜ್ ಮಾಡಿಕೊಟ್ಟರು. 1998ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕಂಪ್ಯೂಟರ್ ಭದ್ರತೆಯ ಬಗ್ಗೆ ಹೇಳಿಕೆ ಕೊಟ್ಟು ಹೆಸರಾದ ಲಾಫ್ಟ್ ಗುಂಪಿನಲ್ಲಿ ‘ಕಿಂಗ್‌ಪಿನ್’ ಎಂದು ಕರೆಸಿಕೊಳ್ಳುತ್ತಿದ್ದವರು ಅವರು. ಆ ಬ್ಯಾಡ್ಜ್‌ನಲ್ಲಿದ್ದದ್ದು ಎರಡು ನೀಲಿ ಎಲ್‌ಇಡಿ, ನಾಣ್ಯದಾಕಾರದ ಬ್ಯಾಟರಿ, ಆರು ಕಾಲಿನ ಪುಟಾಣಿ ಮೈಕ್ರೋಕಂಟ್ರೋಲರ್. ಪ್ರೋಗ್ರಾಂಗೆ 512 ಆದೇಶಗಳಷ್ಟು ಜಾಗ, ಲೆಕ್ಕಾಚಾರಕ್ಕೆ 24 ಬೈಟ್ ಮೆಮೊರಿ. ದೀಪವನ್ನು ಕೆಲವು ಬಗೆಯಲ್ಲಿ ಮಿಣುಕಿಸುವುದು ಬಿಟ್ಟರೆ ಅದಕ್ಕೆ ಬೇರೇನೂ ಬರುತ್ತಿರಲಿಲ್ಲ. ಆದರೂ ಕೈಗೆ ಸಿಕ್ಕಿದ್ದು ಮುಚ್ಚಿಟ್ಟ ಡಬ್ಬಿಯಲ್ಲ, ಎಲ್ಲವೂ ಕಣ್ಣಿಗೆ ಕಾಣುವ ಬೋರ್ಡು.

ಹವ್ಯಾಸಕ್ಕೆ ನಿಜವಾಗಿ ಅಡಿಪಾಯ ಹಾಕಿದ್ದು ಮರುವರ್ಷದ ಬ್ಯಾಡ್ಜ್. 2007ರದರಲ್ಲಿ 95 ಎಲ್‌ಇಡಿಗಳ ಫಲಕವಿತ್ತು. ಬೋರ್ಡಿನ ಮೇಲೆ ಬೆರಳಿಟ್ಟು ತಮಗೆ ಬೇಕಾದ ಅಕ್ಷರ ತುಂಬಿ ಓಡಿಸಬಹುದಿತ್ತು. ನೋಡಿದವರು ಮೆಚ್ಚಿದ್ದು ಇದನ್ನೇ. ಆದರೆ ಮುಂದಿನ ಕಥೆಗೆ ಮುಖ್ಯವಾದದ್ದು ಆ ಬೋರ್ಡಿನಲ್ಲಿ ಇಲ್ಲದ ಭಾಗಗಳು. ಅಲುಗಾಟ ಅಳೆಯುವ ಸಂವೇದಕಕ್ಕೂ ನಿಸ್ತಂತು ಸಂಪರ್ಕದ ಚಿಪ್‌ಗೂ ತಾಮ್ರದ ಜಾಗಗಳನ್ನು ಬಿಡಿಸಿ, ಚಿಪ್ ಕೂರಿಸದೆ, ಚುಕ್ಕಿ ಇಟ್ಟು ಗೆರೆ ಎಳೆಯದ ರಂಗೋಲಿಯ ಹಾಗೆ ಖಾಲಿ ಬಿಟ್ಟಿದ್ದರು. ಬೇಕಾದವರು ಬಿಡಿಭಾಗ ತಂದು ಬೆಸೆದುಕೊಳ್ಳಬೇಕು. ಖರ್ಚು ಉಳಿಸಲು ಹೀಗೆ ಮಾಡಿದರು ಎನ್ನಬಹುದು. ಸಾವಿರಗಟ್ಟಲೆ ಬ್ಯಾಡ್ಜ್‌ಗೆ ಒಂದೊಂದು ಚಿಪ್ ಕಡಿಮೆಯಾದರೂ ದೊಡ್ಡ ಮೊತ್ತವೇ. ಆದರೆ ಬರೀ ಉಳಿತಾಯವೇ ಉದ್ದೇಶವಾಗಿದ್ದರೆ ಆ ಜಾಗವನ್ನು ಬಿಡಿಸುವ ಅಗತ್ಯವೇ ಇರಲಿಲ್ಲ. ಸರ್ಕ್ಯೂಟ್ ನಕ್ಷೆ, ಪ್ರೋಗ್ರಾಂನ ಮೂಲ ಎರಡನ್ನೂ ಬಹಿರಂಗಗೊಳಿಸಿ, ಬ್ಯಾಡ್ಜ್ ಮಾರ್ಪಡಿಸುವ ಸ್ಪರ್ಧೆಯನ್ನೂ ಇಟ್ಟರು. 2008ರ ಬ್ಯಾಡ್ಜ್ ಟಿವಿಗಳನ್ನು ದೂರದಿಂದಲೇ ಆರಿಸುತ್ತಿತ್ತು. 2009ರದು ಮೈಕ್ ಇಟ್ಟುಕೊಂಡು ಸದ್ದಿಗೆ ಸ್ಪಂದಿಸಿತು. 2010ರದರ ಪರದೆ ವಿದ್ಯುತ್ ಇಲ್ಲದಾಗಲೂ ಚಿತ್ರ ಹಿಡಿದಿಡುತ್ತಿತ್ತು. ಪ್ರತಿ ಸಲವೂ ಗ್ರಾಂಡ್ ಕೊಟ್ಟದ್ದು ಒಂದು ಆರಂಭ.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ ಡೆಫ್‌ಕಾನ್‌ನ ಚರಿತ್ರೆಯಿಂದಲೇ ಬರುತ್ತದೆ. 2011ರಲ್ಲಿ ಬ್ಯಾಡ್ಜ್ ಹೊಣೆ ರಯಾನ್ ಕ್ಲಾರ್ಕ್ ಅವರ ಕೈಗೆ ಬಂತು. ಆ ವರ್ಷದ್ದು ಟೈಟೇನಿಯಂ ತಗಡು, ವಿದ್ಯುತ್ತಿನ ಸೋಂಕೇ ಇಲ್ಲ. 2015ರದಂತೂ ಗ್ರಾಮಫೋನ್ ತಟ್ಟೆ. ಒಂದು ವರ್ಷ ಎಲೆಕ್ಟ್ರಾನಿಕ್, ಇನ್ನೊಂದು ವರ್ಷ ಅಲ್ಲ ಎಂಬ ಸರದಿ ಆಗ ರೂಢಿಯಾಯಿತು. ಎಲ್ಲದರಲ್ಲೂ ಗುಪ್ತ ಲಿಪಿಯ ಒಗಟುಗಳಿರುತ್ತಿದ್ದವು. ಬಿಡಿಸಿದವರಿಗೆ ಆಜೀವ ಉಚಿತ ಪ್ರವೇಶದ ಕಪ್ಪು ಬ್ಯಾಡ್ಜ್. ಒಗಟು ಬಿಡಿಸುವುದೂ ಹ್ಯಾಕಿಂಗ್ ತಾನೇ, ಅದಕ್ಕೆ ಖಾಲಿ ಜಾಗ ಏಕೆ ಬೇಕು ಎಂದು ಕೇಳಬಹುದು. ಬುದ್ಧಿಯ ಕಸರತ್ತಾಗಿ ಅದು ಖಂಡಿತ ಹ್ಯಾಕಿಂಗೇ. ಆದರೆ ಒಗಟಿನ ಉತ್ತರ ಮಾಡಿದವರ ಜೇಬಿನಲ್ಲಿ ಮೊದಲೇ ಇರುತ್ತದೆ. ಒಂದು ತಂಡ ಗೆದ್ದ ಕ್ಷಣಕ್ಕೆ ಉಳಿದವರ ಕೈಯಲ್ಲಿರುವ ಸಾವಿರಾರು ಪ್ರತಿಗಳು ನೆನಪಿನ ಕಾಣಿಕೆಗಳಾಗುತ್ತವೆ. ಖಾಲಿ ಬಿಟ್ಟ ಬೋರ್ಡಿನ ವಿಷಯದಲ್ಲಿ ಹಾಗಾಗುವುದಿಲ್ಲ. ಒಬ್ಬರು ಮಾಡಿದ್ದು ಇನ್ನೊಬ್ಬರ ದಾರಿ ಮುಚ್ಚುವುದಿರಲಿ, ಅವರು ಬರೆದ ಪ್ರೋಗ್ರಾಂ ಪಕ್ಕದವರ ಬೋರ್ಡಿನಲ್ಲೂ ಹಾಗೆಯೇ ಓಡುತ್ತದೆ. ಕ್ಲಾರ್ಕ್ ಅವರ ಕಾಲದಲ್ಲೂ 2012 ಮತ್ತು 2014ರ ಬ್ಯಾಡ್ಜ್‌ಗಳಲ್ಲಿ ಎಂಟು ಕೋರ್‌ಗಳ ಪ್ರೊಪೆಲರ್ ಚಿಪ್ ಇತ್ತು. ಒಗಟಿನ ಗೊಡವೆಗೆ ಹೋಗದವರಿಗೂ ಅದರಲ್ಲಿ ಕೆಲಸವಿತ್ತು.

ಯೂರೋಪಿನ ಬಯಲು ಶಿಬಿರಗಳಲ್ಲಿ ಇದೇ ವಿಚಾರ ಬೇರೆ ಮಣ್ಣಿನಲ್ಲಿ ಬೆಳೆಯಿತು, ನನ್ನ ಮಟ್ಟಿಗೆ ಹೆಚ್ಚು ಹುಲುಸಾಗಿ. ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ ನಾಲ್ಕು ವರ್ಷಕ್ಕೊಮ್ಮೆ ನಡೆಸುವ ಶಿಬಿರಕ್ಕೆ 2011ರಲ್ಲಿ ‘ರಾಕೆಟ್’ ಎಂಬ ಬ್ಯಾಡ್ಜ್ ಬಂತು. ನೋಕಿಯಾ ಫೋನಿನ ಪರದೆ, ಎಆರ್‌ಎಂ ಚಿಪ್, ಪುಟ್ಟ ರೇಡಿಯೊ. ಯುಎಸ್‌ಬಿ ಕೇಬಲ್ ಸಿಕ್ಕಿಸಿದರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುತ್ತಿತ್ತು; ಹೊಸ ಪ್ರೋಗ್ರಾಂ ಹಾಕಲು ಕಡತ ನಕಲಿಸಿದರೆ ಸಾಕು. ಮೇಲೆ ಕೂರಿಸುವ ಹೆಚ್ಚುವರಿ ಬೋರ್ಡುಗಳಿಗೂ ಅದರಲ್ಲಿ ಜಾಗವಿತ್ತು. 2015ರ ‘ರಾಡಿಯೊ’ ಇನ್ನೂ ದಿಟ್ಟ ಹೆಜ್ಜೆ. ಹ್ಯಾಕ್‌ಆರ್‌ಎಫ್ ಎಂಬ ಮುಕ್ತ ವಿನ್ಯಾಸವನ್ನು ಆಧರಿಸಿದ ಅದು ಸುಮಾರು 50 ಮೆಗಾಹರ್ಟ್ಸ್‌ನಿಂದ 4 ಗಿಗಾಹರ್ಟ್ಸ್‌ವರೆಗೆ ಕೇಳಬಲ್ಲ, ಮಾತಾಡಲೂಬಲ್ಲ ಸಾಫ್ಟ್‌ವೇರ್ ರೇಡಿಯೊ. ಇಂಥ ಪ್ರಯೋಗಾಲಯದ ಉಪಕರಣವನ್ನು ಶಿಬಿರಾರ್ಥಿಗಳ ಕೊರಳಿಗೆ ಹಾಕಿದ್ದರಲ್ಲಿ ಒಂದು ನಂಬಿಕೆ ಅಡಗಿದೆ: ಏನು ಮಾಡಬೇಕೆಂದು ನಾವು ಹೇಳುವುದಿಲ್ಲ, ನೀವೇ ಕಂಡುಕೊಳ್ಳಿ ಎಂಬ ನಂಬಿಕೆ. 2019ರ ‘ಕಾರ್ಡಿಯೊ’ ಕೈಗಡಿಯಾರದಂತೆ ಮಣಿಕಟ್ಟಿಗೆ ಕಟ್ಟಿಕೊಂಡು ಹೃದಯದ ಬಡಿತದ ರೇಖೆ ತೋರಿಸುವಂಥದು. 2023ರ ‘ಫ್ಲವರ್’ ದಳಗಳನ್ನು ಮುಟ್ಟಿ ನುಡಿಸುವ ಸಂಗೀತವಾದ್ಯ.

ಆದರೆ ಈ ಸಾಲಿನಲ್ಲಿ ದೂರಗಾಮಿಯಾದದ್ದು ನೆದರ್ಲ್ಯಾಂಡ್ಸ್‌ನ ಎಸ್‌ಎಚ್‌ಎ 2017 ಶಿಬಿರದ ಬ್ಯಾಡ್ಜ್. ಇಎಸ್‌ಪಿ32 ಚಿಪ್, ಇ-ಪೇಪರ್ ಪರದೆ, ಒಳಗೆ ಮೈಕ್ರೋಪೈಥಾನ್. ಅದರ ತಂಡ ‘ಹ್ಯಾಚರಿ’ ಎಂಬ ಆ್ಯಪ್ ಭಂಡಾರ ತೆರೆಯಿತು. ಯಾರಾದರೂ ಕೆಲವು ಸಾಲು ಪೈಥಾನ್ ಬರೆದು ಅಲ್ಲಿಗೆ ಏರಿಸಿದರೆ ಬೇರೆಯವರು ವೈಫೈ ಮೂಲಕ ತಮ್ಮ ಬ್ಯಾಡ್ಜ್‌ಗೆ ಇಳಿಸಿಕೊಳ್ಳಬಹುದು. ಅಲ್ಲಿಯವರೆಗೆ ಬ್ಯಾಡ್ಜ್ ಮಾರ್ಪಡಿಸಲು ಬೆಸುಗೆಯೋ ಸಿ ಭಾಷೆಯೋ ಬರಬೇಕಿತ್ತು. ಈಗ ಖಾಲಿ ಜಾಗ ತಾಮ್ರದಿಂದ ಸಾಫ್ಟ್‌ವೇರ್‌ಗೆ ಸರಿಯಿತು, ಬಾಗಿಲು ಅಗಲವಾಯಿತು. ಆ ತಂತ್ರಾಂಶ ಬ್ಯಾಡ್ಜ್.ಟೀಮ್ ಎಂಬ ಹೆಸರಿನಲ್ಲಿ ಮುಂದೆ ಬೇರೆ ಕೂಟಗಳ ಬ್ಯಾಡ್ಜ್‌ಗಳಿಗೂ ಹರಿಯಿತು. ಅದೇ ದೇಶದ ಎಂಸಿಎಚ್ 2022ರ ಬ್ಯಾಡ್ಜ್‌ನಲ್ಲಿ ಎಫ್‌ಪಿಜಿಎ ಕೂಡ ಇತ್ತು. ಅಂದರೆ ಚಿಪ್‌ನ ಒಳ ಸರ್ಕ್ಯೂಟನ್ನೇ ಕೊಂಡವರು ಬರೆದುಕೊಳ್ಳಬಹುದು.

ಅತ್ತ ಅಮೆರಿಕದಲ್ಲಿ ಬ್ಯಾಡ್ಜ್ ಮಾಡುವ ಹಕ್ಕು ಸಂಘಟಕರ ಕೈಯಿಂದ ಜಾರತೊಡಗಿತ್ತು. ನಿಂಜಾ ನೆಟ್‌ವರ್ಕ್ಸ್ ಎಂಬ ಗುಂಪು ತನ್ನ ಪಾರ್ಟಿಗೆ ಬ್ಯಾಡ್ಜ್ ಮಾಡುತ್ತಿತ್ತು. 2012ರಲ್ಲಂತೂ ಬ್ಯಾಡ್ಜ್ ಬದಲು ಫೋನ್ ಹಂಚಿ, ಒಂದು ವ್ಯಾನಿನಲ್ಲಿ ಸ್ವಂತ ಮೊಬೈಲ್ ಜಾಲವನ್ನೇ ನಡೆಸಿತು. 2017ರಲ್ಲಿ ಡೆಫ್‌ಕಾನ್ ಯೋಜಿಸಿದ್ದ ಬ್ಯಾಡ್ಜ್ ಕೈಗೂಡದೆ ಎಲೆಕ್ಟ್ರಾನಿಕ್ಸ್ ಇಲ್ಲದ ಬ್ಯಾಡ್ಜ್ ಕೊಡಬೇಕಾಯಿತು. ಆ ವರ್ಷ ಕಣ್ಣು ಸೆಳೆದದ್ದು ಆಂಡ್‌ಎಕ್ಸಾರ್‌ನಂಥ ಸ್ವತಂತ್ರ ತಂಡಗಳ ಬ್ಯಾಡ್ಜ್‌ಗಳು. ‘ಬ್ಯಾಡ್ಜ್‌ಲೈಫ್’ ಎಂಬ ಹೆಸರಿನಡಿ ಹತ್ತಾರು ತಂಡಗಳು ವರ್ಷವಿಡೀ ಬೋರ್ಡು ಬಿಡಿಸತೊಡಗಿದವು. 2018ರ ಹೊತ್ತಿಗೆ ಇವರ ನಡುವೆ ಎಸ್‌ಎಒ ಎಂಬ ಒಡಂಬಡಿಕೆ ಚಾಲ್ತಿಗೆ ಬಂತು. ನಾಲ್ಕು ಪಿನ್: ವಿದ್ಯುತ್ತಿಗೆ ಎರಡು, ಮಾಹಿತಿಗೆ ಎರಡು, ನಂತರದ ಆವೃತ್ತಿಯಲ್ಲಿ ಆರು. ದೊಡ್ಡ ಬ್ಯಾಡ್ಜ್ ಮಾಡುವವರು ಈ ಕನೆಕ್ಟರ್ ಇಟ್ಟರೆ, ಯಾರು ಬೇಕಾದರೂ ಹೆಬ್ಬೆರಳಿನಷ್ಟು ಪುಟ್ಟ ಬೋರ್ಡು ಮಾಡಿ ಅದಕ್ಕೆ ಸಿಕ್ಕಿಸಬಹುದು. ಅದರ ಮೂಲ ಹೆಸರು ಒಂದು ಒರಟು ತಮಾಷೆ, ಮರ್ಯಾದಸ್ಥರ ಎದುರು ಬಿಡಿಸಿ ಹೇಳುವಂಥದಲ್ಲ. ಆದರೆ ಕಂಪನಿಗಳು ಸಮಿತಿ ಕೂರಿಸಿ ರೂಪಿಸುವ ಎಷ್ಟೋ ಮಾನಕಗಳಿಗೆ ಇಷ್ಟು ಬೇಗ ಇಷ್ಟು ಅನುಯಾಯಿಗಳು ಸಿಗುವುದಿಲ್ಲ.

ಎಸ್‌ಎಒ ತುಣುಕುಗಳಲ್ಲಿ ಬಹುಪಾಲು ಮಾಹಿತಿಯ ಪಿನ್‌ಗಳನ್ನು ಮುಟ್ಟುವುದೇ ಇಲ್ಲ, ವಿದ್ಯುತ್ ಹೀರಿ ದೀಪ ಬೆಳಗುವುದಷ್ಟೇ. ಇದು ಒಡವೆ ಸಂಗ್ರಹ, ಹ್ಯಾಕಿಂಗ್ ಅಲ್ಲ ಎಂದು ಹಳಬರು ಮೂಗು ಮುರಿಯುತ್ತಾರೆ. ಮಾತಿನಲ್ಲಿ ಹುರುಳಿದೆ. ವಿನಿಮಯ, ಮಾರಾಟ, ಸೀಮಿತ ಪ್ರತಿಗಳ ಹಪಾಹಪಿ ಎಲ್ಲವೂ ಇಲ್ಲಿ ಸೇರಿಕೊಂಡಿವೆ. ಆದರೆ ಮೊದಲ ಸಲ ಬೋರ್ಡು ಬಿಡಿಸುವವರಿಗೆ ಇಡೀ ಬ್ಯಾಡ್ಜ್ ಮಾಡು ಎಂದರೆ ಬ್ಯಾಟರಿ, ಚಾರ್ಜಿಂಗ್, ಪ್ರೋಗ್ರಾಂ ಎಲ್ಲ ತಲೆಗೆ ಬರುತ್ತವೆ. ಎಸ್‌ಎಒ ಆ ಹೊರೆಯನ್ನು ಆತಿಥೇಯ ಬ್ಯಾಡ್ಜ್‌ಗೆ ವಹಿಸಿ, ಒಂದು ಎಲ್‌ಇಡಿ ಒಂದು ರೆಸಿಸ್ಟರ್‌ನಿಂದ ಶುರುಮಾಡಲು ಬಿಡುತ್ತದೆ. 2006ರ ಬ್ಯಾಡ್ಜ್‌ನಲ್ಲೂ ಇದ್ದದ್ದು ಎರಡು ದೀಪವೇ ಎಂಬುದನ್ನು ಹಳಬರು ಮರೆಯಬಾರದು.

ಇನ್ನು ಅಗ್ಗದ ಚಿಪ್‌ನ ವಾದಕ್ಕೆ ಬರೋಣ, ಇದೇ ಗಟ್ಟಿಯಾದ ಆಕ್ಷೇಪ. 2014ರ ಇಎಸ್‌ಪಿ8266, 2016ರ ಇಎಸ್‌ಪಿ32 ವೈಫೈಯನ್ನು ಚಿಲ್ಲರೆ ಕಾಸಿನ ಮಾತಾಗಿಸಿದವು. ಕಿಕ್ಯಾಡ್‌ನಂಥ ಉಚಿತ ತಂತ್ರಾಂಶದಲ್ಲಿ ಬೋರ್ಡು ಬಿಡಿಸಿ ಚೀನಾದ ಕಾರ್ಖಾನೆಗೆ ಕಳಿಸಿದರೆ ಕೆಲವು ಡಾಲರಿಗೆ ಐದು ಬೋರ್ಡು ಬರುತ್ತವೆ. ಇವಿಲ್ಲದೆ ಬ್ಯಾಡ್ಜ್‌ಲೈಫ್ ಈ ಗಾತ್ರಕ್ಕೆ ಬೆಳೆಯುತ್ತಿರಲಿಲ್ಲ, ಒಪ್ಪಬೇಕು. ಆದರೆ ಕಾಲಕ್ರಮ ನೋಡಿ: ಖಾಲಿ ಜಾಗ, ಬಹಿರಂಗ ನಕ್ಷೆ, ಸ್ಪರ್ಧೆ ಎಲ್ಲವೂ ಈ ಚಿಪ್‌ಗಳಿಗಿಂತ ಏಳು ವರ್ಷ ಮೊದಲೇ ಬಂದಿದ್ದವು. ಅದೂ ಅಲ್ಲದೆ ಅದೇ ಚಿಪ್ ಕೂತ ಸ್ಮಾರ್ಟ್ ಪ್ಲಗ್‌ಗಳನ್ನೂ ಜನ ಬಿಚ್ಚಿ ತಮ್ಮ ಪ್ರೋಗ್ರಾಂ ತುಂಬುತ್ತಾರೆ. ಅಲ್ಲಿ ಅವರು ತಯಾರಕನ ಇಷ್ಟದ ವಿರುದ್ಧ ಕೆಲಸ ಮಾಡುತ್ತಾರೆ, ಒಂದೊಂದು ಮಾದರಿಗೂ ಒಂದೊಂದು ಹೆಣಗಾಟ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೂ ಇಎಸ್‌ಪಿ32 ಬೋರ್ಡು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೊಂಡವರು ತಂತಮ್ಮ ಮನೆಯಲ್ಲಿ ಬೇರೆ ಬೇರೆ ಯೋಜನೆ ಮಾಡುತ್ತಾರೆ. ಬ್ಯಾಡ್ಜ್‌ನಲ್ಲಾದರೋ ಎಲ್ಲರ ಕೈಯಲ್ಲೂ ಅದೇ ಬೋರ್ಡು, ಅದೇ ದೋಷ, ಅದೇ ನಾಲ್ಕು ದಿನ. ವಿನ್ಯಾಸ ಮಾಡಿದವರು ಪಕ್ಕದ ಕೋಣೆಯಲ್ಲೇ ಇರುತ್ತಾರೆ. ಚಿಪ್‌ನ ಬೆಲೆ ಇಳಿದ ಮಾತ್ರಕ್ಕೆ ಈ ಸನ್ನಿವೇಶ ಒದಗಿಬರುವುದಿಲ್ಲ.

ಕಸದ ಆಕ್ಷೇಪಕ್ಕೆ ಮಾತ್ರ ನುಣುಚಿಕೊಳ್ಳುವ ಉತ್ತರ ಸಲ್ಲದು. ಪ್ರತಿ ಕೂಟಕ್ಕೆ ಸಾವಿರಾರು ಬೋರ್ಡು, ಬ್ಯಾಟರಿ, ಪರದೆ. ಬಹಳಷ್ಟು ಜನ ಒಂದು ಸಲವೂ ಅದನ್ನು ಮಾರ್ಪಡಿಸುವುದಿಲ್ಲ. ಇದಕ್ಕೆ ಬಂದಿರುವ ಒಳ್ಳೆಯ ಉತ್ತರ ಇಂಗ್ಲೆಂಡಿನ ಇಎಂಎಫ್ ಶಿಬಿರದ್ದು. 2018ರಲ್ಲಿ ಶಿಬಿರದ ಸ್ವಂತ ಜಿಎಸ್‌ಎಂ ಜಾಲದಲ್ಲಿ ಮಾತಾಡುವ ಫೋನನ್ನೇ ಬ್ಯಾಡ್ಜ್ ಆಗಿ ಕೊಟ್ಟಿದ್ದ ಅವರು, 2024ರಲ್ಲಿ ‘ಟಿಲ್ಡಗಾನ್’ ಎಂಬ ಷಟ್ಕೋನದ ಬ್ಯಾಡ್ಜನ್ನು ಮುಂದಿನ ಶಿಬಿರಗಳಿಗೂ ಇದನ್ನೇ ತನ್ನಿ ಎಂಬ ಕರಾರಿನೊಂದಿಗೆ ರೂಪಿಸಿದರು. ಆರು ಅಂಚಿನಲ್ಲಿ ಆರು ಸೀಳುಗಳು. ಶಿಬಿರಾರ್ಥಿಗಳು ತಾವೇ ಮಾಡಿದ ತುಣುಕು ಬೋರ್ಡುಗಳನ್ನು ಅಲ್ಲಿ ತೂರಿಸಬಹುದು, ತುಣುಕಿನ ಪ್ರೋಗ್ರಾಂ ತುಣುಕಿನೊಳಗೇ ಇರಬಹುದು. ಹೊಸತನ ಈಗ ಇಡೀ ಬ್ಯಾಡ್ಜ್‌ನಲ್ಲಿರಬೇಕಿಲ್ಲ, ಸೀಳಿಗೆ ತೂರಿಸುವುದರಲ್ಲಿದ್ದರೆ ಸಾಕು. ಪ್ರತಿ ವರ್ಷ ಹೊಸ ಬ್ಯಾಡ್ಜ್ ಎಂಬ ಆಕರ್ಷಣೆ ಇದರಿಂದ ಮಂಕಾಗುತ್ತದೆ ಎನ್ನುವವರಿದ್ದಾರೆ. ಮಂಕಾದರೆ ಆಗಲಿ, ಅದು ಕಾಲಕ್ರಮೇಣ ತೀರಿಸಲಾಗದ ಸಾಲವಾಗಿತ್ತು.

ಆ ಸಾಲದ ಒಂದು ಮುಖ 2024ರ ಡೆಫ್‌ಕಾನ್‌ನಲ್ಲಿ ಕಂಡಿತು. ರಾಸ್ಪ್‌ಬೆರಿ ಪೈ ಸಂಸ್ಥೆಯ ಆರ್‌ಪಿ2350 ಚಿಪ್ ಆಗಸ್ಟ್ 8ರಂದು ಲೋಕಕ್ಕೆ ಪ್ರಕಟವಾದ ಹೊತ್ತಿಗೇ ಅದು ಅಲ್ಲಿನ ಬ್ಯಾಡ್ಜ್‌ನಲ್ಲಿತ್ತು. ಗೇಮ್‌ಬಾಯ್ ಆಟಗಳನ್ನು ಆಡಿಸುವ ಬ್ಯಾಡ್ಜ್ ಅದು. ಹದಿನೆಂಟು ವರ್ಷದಲ್ಲಿ ಎರಡು ದೀಪದಿಂದ ಇಲ್ಲಿಗೆ ಬಂದದ್ದು ಬೆರಗಿನದೇ. ಆದರೆ ಅದರ ಸುದ್ದಿಯನ್ನೆಲ್ಲ ನುಂಗಿದ್ದು ಬೋರ್ಡು ರೂಪಿಸಿದ ಸಂಸ್ಥೆಗೂ ಸಂಘಟಕರಿಗೂ ಹಣ ಮತ್ತು ಶ್ರೇಯದ ಬಗ್ಗೆ ಎದ್ದ ಬಹಿರಂಗ ಜಗಳ. ಬ್ಯಾಡ್ಜ್ ಅರೆಬರೆಯಾಗಿದ್ದರೆ ಚೆಂದ, ಒಪ್ಪಂದ ಹಾಗಿದ್ದರೆ ಅಲ್ಲ. ಸಮ್ಮೇಳನದ ದಿನಾಂಕ ಮುಂದೂಡಲಾಗದು, ಬಿಡಿಭಾಗಗಳ ಬೆಲೆ ಮಾತು ಕೇಳದು, ಕೆಲಸ ಮಾಡುವವರಲ್ಲಿ ಬಹುಪಾಲು ಬಿಡುವಿನ ವೇಳೆಯ ಉತ್ಸಾಹಿಗಳು. ಜೋ ಗ್ರಾಂಡ್ ಮೊದಲ ಬ್ಯಾಡ್ಜ್ ಮಾಡಿದಾಗ ಒಬ್ಬ ಎಂಜಿನಿಯರ್‌ನಿಂದ ಸಾಧ್ಯವಾಗಿದ್ದ ಕೆಲಸಕ್ಕೆ ಈಗ ಚಿಪ್ ತಯಾರಕರು, ಕಾರ್ಖಾನೆ, ಪ್ರೋಗ್ರಾಂ ಬರೆಯುವವರು, ಚಿತ್ರಕಾರರು ಎಲ್ಲರೂ ಬೇಕು. ಯಾರ ಪಾಲು ಎಷ್ಟು ಎಂದು ಮೊದಲೇ ಬರೆದಿಡುವ ರೂಢಿ ಈ ಹವ್ಯಾಸದಲ್ಲಿ ಇನ್ನೂ ಗಟ್ಟಿಯಾಗಿಲ್ಲ.